ಬ್ಯಾಂಡ್ ಐದು ಮತ್ತು ನಮ್ಮ ಭಾವ

ನನ್ನ ರಕ್ತದ ಗುಂಪು ಯಾವುದೆಂದು ಯಾರಾದರೂ ಕೇಳಿದರೆ ನಾನು ಈಗಲೂ ಹೆಂಡತಿಯ ಮುಖ ನೋಡುತ್ತೇನೆ. ನನ್ನ ಚಪ್ಪಲಿಯ ಅಳತೆ, ಗ್ಯಾಸ್ ಪುಸ್ತಕ ಇಟ್ಟ ಜಾಗ, ನಮ್ಮ ಮದುವೆಯ ತಾರೀಕು, ಇವೆಲ್ಲ ಅವಳ ಖಾತೆಗೆ ಸೇರಿದ ವಿಷಯಗಳು. ಆದರೆ ಅವಳ ಮೊಬೈಲು ಯಾವ ಯಾವ ಬ್ಯಾಂಡುಗಳನ್ನು ಹಿಡಿಯುತ್ತದೆ ಎಂದು ಕೇಳಿ ನೋಡಿ. ಒಂದು, ಮೂರು, ಐದು, ಎಂಟು, ನಲವತ್ತು, ನಲವತ್ತೊಂದು ಎಂದು ಮಗ್ಗಿ ಒಪ್ಪಿಸುವ ಹಾಗೆ ಹೇಳಿಬಿಡುತ್ತೇನೆ. ಕೇಳುವವರಿಲ್ಲ ಎಂಬುದೊಂದೇ ಕೊರತೆ. ಮೊನ್ನೆ ಉಡುಪಿಯಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಹೊಸ ಫೋನು ಹೊರತೆಗೆದು ಆಚೀಚೆ ತಿರುಗಿಸಿ ತೋರಿಸಿದರು. ಹಿಂದಿನ ಸೀಟಿನವರು ಕ್ಯಾಮರಾ ಹೇಗುಂಟು ಎಂದು ಕೇಳಿದರು. ನಾನು, "ಬ್ಯಾಂಡ್ ಐದು ಉಂಟಾ?" ಎಂದೆ. ಆ ಮನುಷ್ಯ ನನ್ನನ್ನು ಒಮ್ಮೆ ನೋಡಿ, ಫೋನನ್ನು ಕಿಸೆಗೆ ಹಾಕಿಕೊಂಡು, ಕಟಪಾಡಿ ಬರುವವರೆಗೂ ಕಿಟಕಿಯಿಂದ ಮುಖ ಈಚೆಗೆ ತರಲಿಲ್ಲ.

ಈ ಜ್ಞಾನ ನನಗೆ ತಪಸ್ಸಿನಿಂದ ಬಂದದ್ದೇನಲ್ಲ. ನಾನು ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಮದುವೆಯ ಕಾಗದದಿಂದ ಹಿಡಿದು ಔಷಧಿ ಡಬ್ಬಿಯೊಳಗೆ ಮಡಚಿಡುವ ತೆಳು ಹಾಳೆಯವರೆಗೆ ಎಲ್ಲವೂ ನನ್ನ ಕಣ್ಣಿನ ಕೆಳಗೆ ಹಾದೇ ಲೋಕಕ್ಕೆ ಹೋಗಬೇಕು. ಬೇರೆಯವರ ತಪ್ಪು ಹುಡುಕಿದರೆ ಸಂಬಳ ಸಿಗುವ ಉದ್ಯೋಗ ಜಗತ್ತಿನಲ್ಲಿ ಎಷ್ಟಿರಬಹುದು ಹೇಳಿ. ಉಳಿದವರೆಲ್ಲ ಆ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ಹೀಗಾಗಿ ಸಣ್ಣ ಅಕ್ಷರ ಕಂಡಲ್ಲಿ ಓದುವುದು ನನ್ನ ಚಟ. ಬಿಸ್ಕಿಟಿನ ಪೊಟ್ಟಣ ಒಡೆದರೆ ಮನೆಯವರು ಬಿಸ್ಕಿಟು ತಿನ್ನುತ್ತಾರೆ, ನಾನು ಪೊಟ್ಟಣ ಓದುತ್ತೇನೆ. ಇಂಥವನು ಒಂದು ಫೋನಿನ ವಿಷಯದಲ್ಲಿ ಮೋಸ ಹೋದದ್ದು ಹೇಗೆಂದರೆ, ಆ ಫೋನಿಗೆ ಪೊಟ್ಟಣವೇ ಇರಲಿಲ್ಲ. ಅದನ್ನು ಹೇಳಬೇಕಾದರೆ ನಮ್ಮ ಗ್ರೆಗರಿ ಭಾವನ ವಿಷಯ ಹೇಳಬೇಕು.

ಗ್ರೆಗರಿ ಭಾವ ಎಂದರೆ ನನ್ನ ಹೆಂಡತಿ ಐಡಾಳ ಅಣ್ಣ. ಅವರು ಗಲ್ಫಿಗೆ ಹೋಗುವಾಗ ಐಡಾ ಬೆಳ್ಮಣ್ಣಿನ ತವರಿನಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ. ಅಲ್ಲಿ ಒಂದು ಕಂಪೆನಿಯ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಭಾವ ಕೂದಲು ನೆರೆಯುವವರೆಗೆ ಅದೇ ಉಗ್ರಾಣ ನೋಡಿಕೊಂಡರು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದರೆ ಪುರುಸೊತ್ತು ಆಗಲಿಲ್ಲ ಎನ್ನುತ್ತಾರೆ. ಪುರುಸೊತ್ತು ಇದ್ದ ಒಂದೇ ದಿನ ಶುಕ್ರವಾರ, ಆ ದಿನ ಅವರು ತಂಗಿಗೆ ಫೋನು ಮಾಡುತ್ತಿದ್ದರು. ಮೊದಲು ರಸ್ತೆಯಾಚೆಯ ಶೆಟ್ಟರ ಮನೆಗೆ, ಆಮೇಲೆ ಐಡಾ ಮದುವೆಯಾಗಿ ಬಂದ ನಮ್ಮ ಮನೆಗೆ, ಆಮೇಲೆ ಮೊಬೈಲಿಗೆ. ಹೀಗೆ ಅಣ್ಣ ತಂಗಿಯರಿಬ್ಬರೂ ಒಬ್ಬರನ್ನೊಬ್ಬರು ಅರಿತದ್ದು ಕಿವಿಯ ಮೂಲಕ. ಇವಳ ಪರೀಕ್ಷೆಯ ಫಲಿತಾಂಶ, ನನ್ನ ಸಂಬಂಧ ಬಂದಾಗ ಆದ ಚರ್ಚೆ (ಹುಡುಗನ ತಲೆ ಸ್ವಲ್ಪ ದೊಡ್ಡದಾಯಿತು ಎಂಬ ಆಕ್ಷೇಪ ಬಂದಿತ್ತಂತೆ), ಮಲ್ಲಿಗೆ ಗಿಡಕ್ಕೆ ಬಂದ ರೋಗ, ಎಲ್ಲವೂ ಫೋನಿನಲ್ಲೇ ಇತ್ಯರ್ಥವಾದವು.

ಇದರ ಪರಿಣಾಮ ವಿಚಿತ್ರವಾದದ್ದು. ಫೋನಿನಲ್ಲಿ ಭಾವ ತಾಳಮದ್ದಳೆಯ ಅರ್ಥಧಾರಿಯ ಹಾಗೆ ಮಾತಾಡುತ್ತಾರೆ. ನಗಿಸುತ್ತಾರೆ, ಗದರುತ್ತಾರೆ, ಅಡುಗೆಗೆ ಸಲಹೆ ಕೊಡುತ್ತಾರೆ. ಎದುರಿಗೆ ಬಂದು ಕೂತರೆ ಮಾತೇ ಇಲ್ಲ. ರಜೆಯಲ್ಲಿ ಬಂದಾಗ ನಮ್ಮ ಊಟದ ಮೇಜಿನಲ್ಲಿ ಕೂತು "ಹಾಂ", "ಸಾಕು", "ಮಳೆ ಬರ್ಬಹುದು" ಎಂಬ ಮೂರು ಮಾತುಗಳಲ್ಲಿ ಮಧ್ಯಾಹ್ನ ಕಳೆಯುತ್ತಿದ್ದರು. ಐಡಾ ಕೂಡ ಎಂಥ ಬಾಯಿಬಡುಕಿ ಎಂದು ನನಗೆ ಗೊತ್ತು, ಆದರೆ ಅಣ್ಣನ ಎದುರಿಗೆ ಅವಳಿಗೂ ಏನು ಮಾತಾಡಬೇಕೆಂದು ತೋಚದೆ ಮತ್ತೆ ಮತ್ತೆ ಅನ್ನ ಬಡಿಸುತ್ತಾಳೆ. ಅವರು ಬೇಡ ಎನ್ನಲು ನಾಚಿ ಉಣ್ಣುತ್ತಾರೆ. ಹೊರಟು ಹೋಗಿ ತಾವು ಉಳಿದುಕೊಂಡ ಜಾಗ ಮುಟ್ಟಿದ ಮೇಲೆ ಫೋನು ಬರುತ್ತಿತ್ತು. ಆಗ ಶುರು ನೋಡಿ, ಎದುರಿಗೆ ಕೂತಾಗ ಹೇಳಬೇಕಾಗಿದ್ದ ಅಷ್ಟೂ ಮಾತು. ಇವಳು ಮಾರುವ ಮಲ್ಲಿಗೆ ಕಟ್ಟುತ್ತಾ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುವಷ್ಟು ನಗುತ್ತಿದ್ದಳು.

ಭಾವ ಈ ಸಲ ಕೆಲಸ ಮುಗಿಸಿ ಊರಿಗೇ ಬಂದುಬಿಟ್ಟರು. ಇಷ್ಟು ವರ್ಷ ಮರಳು ನೋಡಿದ ಕಣ್ಣಿಗೆ ಇನ್ನು ನೀರು ಕಾಣಬೇಕು ಎಂದು ಕಾಪುವಿನಲ್ಲಿ, ಕಡಲು ಕಾಣುವ ಒಂದು ಬಾಡಿಗೆ ಮನೆ ಹಿಡಿದರು. ತಮ್ಮ ಬಳಕೆಗೆ ಉಡುಪಿಯಲ್ಲೇ ಒಂದು ಸಾದಾ ಫೋನು ಕೊಂಡರು. ನಮ್ಮ ಮನೆ ಶಂಕರಪುರದಲ್ಲಿ. ಬಸ್ಸಿಗೆ ಏನೂ ದೂರವಲ್ಲ. ಪ್ರತಿ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಊಟಕ್ಕೆ ಬರಬೇಕೆಂದು ಐಡಾ ಹೇಳಿದಳು. ಫೋನಿನಲ್ಲಿ ಹೇಳಿದಳೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲನೇ ಭಾನುವಾರ ಭಾವ ದೊಡ್ಡ ಸೂಟ್‌ಕೇಸಿನೊಂದಿಗೆ ಬಂದರು. ಗಲ್ಫಿನಿಂದ ಬಂದವರ ಸೂಟ್‌ಕೇಸು ತೆರೆಯುವುದು ನಮ್ಮ ಕಡೆ ಒಂದು ಸಣ್ಣ ಹಬ್ಬ. ಖರ್ಜೂರ, ಹಾಲಿನ ಪುಡಿ, ಸುಗಂಧದ ಬಾಟಲಿ, ತಲೆನೋವಿನ ಮುಲಾಮು ಒಂದೊಂದಾಗಿ ಹೊರಬಂದವು. ಕೊನೆಗೆ ಒಂದು ಟವೆಲಿನ ಸುರುಳಿಯೊಳಗಿಂದ ಎರಡು ಮೊಬೈಲುಗಳು. ಒಂದು ಐಡಾಳಿಗೆ, ಒಂದು ನನಗೆ. ಪೆಟ್ಟಿಗೆ ಇಲ್ಲ. ಗಲ್ಫಿನಲ್ಲಿದ್ದವರಿಗೆ ಇದು ರೂಢಿ. ಪೆಟ್ಟಿಗೆ ಜಾಗ ತಿನ್ನುತ್ತದೆ, ತೂಕ ತಿನ್ನುತ್ತದೆ, ಅದರ ಬದಲು ಇನ್ನೊಂದು ಪೊಟ್ಟಣ ಹಾಲಿನ ಪುಡಿ ಹಿಡಿಸಬಹುದು. ಆದ್ದರಿಂದ ಕರಾವಳಿಗೆ ಬಂದ ಎಷ್ಟೋ ವಾಚು, ಇಸ್ತ್ರಿಪೆಟ್ಟಿಗೆ, ಫೋನುಗಳು ಹುಟ್ಟಿದ ಕೂಸಿನ ಹಾಗೆ ಬರಿಮೈಯಲ್ಲಿ ಟವೆಲಿನೊಳಗೆ ಬಂದವು. ಸಣ್ಣ ಅಕ್ಷರಗಳೆಲ್ಲ ಅಲ್ಲಿಯ ಕಸದ ತೊಟ್ಟಿಯಲ್ಲೇ ಉಳಿದವು. ನಾನು ಓದಲು ಏನೂ ಇಲ್ಲದೆ ಫೋನನ್ನು ಬರಿದೇ ಸವರಿದೆ.

ಉಡುಗೊರೆ ಬಂದ ಕೂಡಲೇ ಹಳೆಯದನ್ನು ದಾನ ಮಾಡುವುದು ಇನ್ನೊಂದು ರೂಢಿ. ಐಡಾಳ ಹಳೆ ಫೋನು ಆ ಸಂಜೆಯೇ ಪಕ್ಕದ ಮನೆಯ ಸುಶೀಲಾಳ ಕೈಗೆ ಹೋಯಿತು. ಸುಶೀಲಾ ಐಡಾಳ ಜತೆ ಕೂತು ಹೂ ಕಟ್ಟುವವಳು. ನನ್ನದು ಹೊಟ್ಟೆ ಉಬ್ಬಿ ಮುಚ್ಚಳ ಬಿಟ್ಟುಕೊಂಡಿತ್ತು, ಅದನ್ನು ರಿಪೇರಿಯವನಿಗೆ ಕೊಟ್ಟೆ. ಸಿಮ್ಮುಗಳನ್ನು ಹೊಸ ಫೋನುಗಳಿಗೆ ಹಾಕಿದೆವು. ಪರದೆ ಬೆಳಗಿತು, ಬಣ್ಣ ಬಣ್ಣದ ಚಿತ್ರ ಬಂತು. ರೇಂಜಿನ ಕಡ್ಡಿಗಳಿರಬೇಕಾದ ಕಡೆ ಮಾತ್ರ ಏನೂ ಬರಲಿಲ್ಲ.

ನಮ್ಮ ಮನೆ ಇರುವುದು ಒಂದು ತಗ್ಗಿನಲ್ಲಿ. ಮಲ್ಲಿಗೆಗೆ ಅದು ಒಳ್ಳೆಯ ಜಾಗ, ಟವರಿಗಲ್ಲ. ಆದರೂ ಹಳೆ ಫೋನುಗಳು ಮನೆಯೊಳಗೆ ಎರಡು ಕಡ್ಡಿಯಾದರೂ ತೋರಿಸುತ್ತಿದ್ದವು. ಇವು ಕಿಟಕಿಯಲ್ಲಿ ಇಟ್ಟರೂ ಇಲ್ಲ, ಅಂಗಳದಲ್ಲಿ ಇಟ್ಟರೂ ಇಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರೂ ಇಲ್ಲ. ಮೇಲಿನ ರಸ್ತೆಗೆ ಏರಿ, ಬಸ್ಸು ನಿಲ್ಲುವಲ್ಲಿ ನಿಂತರೆ ತಟ್ಟನೆ ಜೀವ ಬಂದು ಹಿಂದಿನ ದಿನದ ಸಂದೇಶಗಳೆಲ್ಲ ಒಟ್ಟಿಗೆ ಟಣಟಣ ಎನ್ನುತ್ತಿದ್ದವು. ಮನೆಗೆ ವೈಫೈ ಹಾಕಿಸೋಣವೆಂದರೆ, ಕೇಬಲಿನವನು ಬಂದು ಮೇಲಿನ ರಸ್ತೆಯ ಕಂಬವನ್ನೂ ಕೆಳಗಿನ ನಮ್ಮ ಮನೆಯನ್ನೂ ನೋಡಿ, ನಾಳೆ ಬರುತ್ತೇನೆಂದು ಹೋದವನು ಇನ್ನೂ ಬರುತ್ತಿದ್ದಾನೆ.

ಶಂಕರಪುರದಲ್ಲಿ ಮಲ್ಲಿಗೆಯ ಆ ದಿನದ ರೇಟು ಬೆಳಗ್ಗೆ ಫೋನಿನಲ್ಲಿ ಮನೆಮನೆಗೆ ಹರಡುತ್ತದೆ. ಈಗ ಅದು ಸುಶೀಲಾಳಿಗೆ ಮೊದಲು ಗೊತ್ತಾಗಿ, ಅವಳು ಬೇಲಿಯ ಆಚೆಯಿಂದ ಕೂಗಿ ಹೇಳಬೇಕಾಯಿತು. ಕೊಟ್ಟ ಫೋನು ಅಲ್ಲಿ ಚೆನ್ನಾಗಿ ಹಾಡುತ್ತಿತ್ತು, ಬಂದ ಫೋನು ಇಲ್ಲಿ ಸುಮ್ಮನಿತ್ತು. ವಾಪಸು ಕೊಡು ಎನ್ನಲಾದೀತೇ?

ಭಾವನಿಗೆ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೀವು ನಮ್ಮ ಕಡೆಯವರಲ್ಲ ಎಂದು ತೋರುತ್ತದೆ. ಕೊಟ್ಟ ಉಡುಗೊರೆಯಲ್ಲಿ ಕೊರೆ ಹೇಳುವುದೆಂದರೆ ನಮ್ಮಲ್ಲಿ ಊಟಕ್ಕೆ ಕರೆದವರ ಮನೆಯಲ್ಲಿ ಅನ್ನದ ಕಲ್ಲು ಹೆಕ್ಕಿ ತೋರಿಸಿದ ಹಾಗೆ. ಅದರಲ್ಲೂ ಇದು ಭಾವ ತರುವ ಕೊನೆಯ ಸೂಟ್‌ಕೇಸು. ವರ್ಷಗಟ್ಟಲೆ ಈ ಮನೆಗೆ ಅವರು ಬಂದದ್ದು ತರುವವರಾಗಿ. ಆ ಕೊನೆಯ ತರುವಿಕೆಯೇ ಸರಿಯಿಲ್ಲ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಭಾನುವಾರ ಬಂದ ಕೂಡಲೇ ಅವರು, "ಫೋನ್ ಹೇಗುಂಟು?" ಎನ್ನುತ್ತಿದ್ದರು. ನಾನು, "ಫಸ್ಟ್ ಕ್ಲಾಸ್ ಉಂಟು ಭಾವ" ಎನ್ನುತ್ತಿದ್ದೆ. ಐಡಾ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಫಸ್ಟ್ ಕ್ಲಾಸ್ ಎಂದವನಿಗೆ ಅದನ್ನು ಫಸ್ಟ್ ಕ್ಲಾಸ್ ಮಾಡುವ ಜವಾಬ್ದಾರಿಯೂ ಬಂತು. ಕಾಯಿಲೆಯವರನ್ನು ಹವಾ ಬದಲಾವಣೆಗೆ ಕರೆದೊಯ್ಯುವ ಹಾಗೆ ಆ ಫೋನನ್ನು ಊರೂರು ಸುತ್ತಿಸಿದೆ. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಅದು ಆರೋಗ್ಯವಂತ. ಮಣಿಪಾಲದಲ್ಲಂತೂ ಪೈಲ್ವಾನ. ಮಧ್ಯಾಹ್ನದ ಬಿಡುವಿನಲ್ಲಿ ಪರ್ಕಳಕ್ಕೆ ಹೋಗಿ ಬಂದೆ, ಅಲ್ಲಿಯೂ ಪರವಾಗಿಲ್ಲ. ಸಂಜೆ ನಮ್ಮ ಇಳಿಜಾರಿನಲ್ಲಿ ಕಾಲಿಟ್ಟ ಕೂಡಲೇ ಕಡ್ಡಿಗಳು ಒಂದೊಂದಾಗಿ ಉದುರುತ್ತಿದ್ದವು. ಐಡಾಳ ದೊಡ್ಡಮ್ಮನ ಮೊಮ್ಮಗಳ ಮದುವೆಗೆ ಕಾರ್ಕಳಕ್ಕೆ ಹೋದಾಗ, ಸಭಾಭವನದ ಒಳಗೂ ನಾಲ್ಕೂ ಕಡ್ಡಿ. ಅಲ್ಲಿ ಗುಡ್ಡದ ಮೇಲೆ ನಿಂತ ಗೊಮ್ಮಟನಿಗೆ ಊರಿನಲ್ಲೇ ಎಲ್ಲರಿಗಿಂತ ಒಳ್ಳೆಯ ರೇಂಜು ಸಿಗಬಹುದು, ಪಾಪ ಇಟ್ಟುಕೊಳ್ಳಲು ಕಿಸೆಯಿಲ್ಲ ಎಂದು ನಾನು ಐಡಾಳಿಗೆ ಹೇಳಿದೆ. ಅವಳು ನಗಲಿಲ್ಲ. ಭಾವ ಅದೇ ಹೊತ್ತಿಗೆ ಅವಳ ಕೈಯಿಂದ ಫೋನು ತೆಗೆದುಕೊಂಡು, "ಫುಲ್ ರೇಂಜ್ ಉಂಟಲ್ಲ!" ಎಂದರು. ಖುಷಿಯಾಗಿಯೇ ಹೇಳಿದರು. ಆಮೇಲೆ ಯಾಕೋ ಮುಖ ಸಣ್ಣದು ಮಾಡಿಕೊಂಡು, ಐಸ್‌ಕ್ರೀಮು ಕೂಡ ತಿನ್ನದೆ ಮೊದಲ ಬಸ್ಸಿಗೆ ಹೊರಟರು.

ಅಷ್ಟರಲ್ಲಿ ನಾನು ಬೇರೆ ದಾರಿಯಿಂದ ಫೋನಿನ ರೋಗ ಪತ್ತೆ ಹಚ್ಚಿದ್ದೆ. ಪೆಟ್ಟಿಗೆ ಇಲ್ಲದಿದ್ದರೇನು, ಫೋನಿನ ಹೊಟ್ಟೆಯೊಳಗೆ ಅದರ ಮಾದರಿಯ ಸಂಖ್ಯೆ ಬರೆದಿರುತ್ತದೆ. ಅದನ್ನು ಅಚ್ಚುಕೂಟದ ಕಂಪ್ಯೂಟರಿನಲ್ಲಿ ಹುಡುಕಿದೆ. ಆಗ ತಿಳಿಯಿತು, ಒಂದೇ ಹೆಸರಿನ, ಒಂದೇ ಮುಖದ ಫೋನನ್ನು ಕಂಪೆನಿಯವರು ದೇಶಕ್ಕೊಂದು ಬಗೆಯಲ್ಲಿ ಮಾಡುತ್ತಾರೆ. ನಮ್ಮ ಇಗರ್ಜಿಯ ವ್ಯಾಪ್ತಿಯಲ್ಲಿ ಜಾನ್ ಡಿಸೋಜ ಎಂದು ಕರೆದರೆ ಹತ್ತು ಜನ ತಿರುಗಿ ನೋಡುತ್ತಾರೆ. ಯಾವ ಮನೆಯ ಜಾನ್, ಯಾರ ಮಗ ಎಂದು ಕೇಳದೆ ಪೋಸ್ಟ್‌ಮ್ಯಾನ್ ಕಾಗದ ಕೊಡುವುದಿಲ್ಲ. ಫೋನಿನದೂ ಅದೇ ಕಥೆ. ಭಾವ ಹೆಸರು ಕೇಳಿ ತಂದಿದ್ದರು, ಮನೆ ಯಾವುದೆಂದು ಕೇಳಿರಲಿಲ್ಲ. ಅವು ಯೂರೋಪಿನ ಕಡೆಗೆಂದು ಮಾಡಿದವು, ಹೇಗೋ ಗಲ್ಫಿನ ಅಂಗಡಿಗೆ ಬಂದು, ಅಲ್ಲಿಂದ ಟವೆಲಿನಲ್ಲಿ ಶಂಕರಪುರಕ್ಕೆ ಬಂದಿದ್ದವು.

ಬ್ಯಾಂಡು ಎಂದರೆ ಟವರೂ ಫೋನೂ ಮಾತಾಡಿಕೊಳ್ಳುವ ಅಲೆಯ ದಾರಿ. ಒಂದೊಂದು ದಾರಿಗೆ ಒಂದೊಂದು ಸಂಖ್ಯೆ. ನಮ್ಮ ಸಿಮ್ಮಿನ ಕಂಪೆನಿ ಇಲ್ಲಿ ಮೂರು, ಐದು, ನಲವತ್ತರಲ್ಲಿ ಮಾತಾಡುತ್ತದೆ. ಭಾವನ ಫೋನಿಗೆ ಗೊತ್ತಿರುವುದು ಒಂದು, ಮೂರು, ಏಳು, ಎಂಟು, ಇಪ್ಪತ್ತು. ಇಬ್ಬರಿಗೂ ಗೊತ್ತಿರುವುದು ಮೂರು ಮಾತ್ರ. ಇದು ನಮಗೆ ಹೊಸತೇನಲ್ಲ. ನಮ್ಮ ಮನೆಗೆ ಮೀನು ತರುವವನ ಮಾತು ಬ್ಯಾರಿ, ನಮ್ಮದು ಕೊಂಕಣಿ, ಆದರೆ ತುಳು ಇಬ್ಬರಿಗೂ ಬರುತ್ತದೆ, ಬಂಗುಡೆಯ ವ್ಯಾಪಾರ ಅದರಲ್ಲಿ ನಡೆಯುತ್ತದೆ. ಹಾಗೆಯೇ ಉಡುಪಿ, ಮಣಿಪಾಲಗಳಲ್ಲಿ ಮೂರನೆಯ ಬ್ಯಾಂಡು ಸಿಕ್ಕಿ ಮಾತು ನಡೆಯುತ್ತದೆ. ತಗ್ಗಿನ ನಮ್ಮ ಮನೆಯವರೆಗೆ ಇಳಿದು ಬರುವುದು ಐದು ಒಂದೇ. ಅದು ತಗ್ಗು ಸ್ವರದ ಅಲೆ. ಮೇಲಿನ ಸಭಾಭವನದಲ್ಲಿ ಮದುವೆ ನಡೆಯುವಾಗ ನಮ್ಮ ಮನೆಗೆ ಹಾಡು ಕೇಳಿಸುವುದಿಲ್ಲ, ದುಮ್ ದುಮ್ ಎಂಬ ಸದ್ದು ಮಾತ್ರ ಗೋಡೆ ತೂರಿ ಬರುತ್ತದಲ್ಲ, ಹಾಗೆ. ಏರು ಸ್ವರ ಬೇಗ ದಣಿಯುತ್ತದೆ, ಗೋಡೆಗೆ ತಾಗಿ ಬೀಳುತ್ತದೆ. ತಗ್ಗು ಸ್ವರ ಗುಡ್ಡ ಸುತ್ತಿ, ಮರ ದಾಟಿ, ಅಡುಗೆಮನೆಯವರೆಗೂ ಬರುತ್ತದೆ. ಇಷ್ಟು ತಿಳಿದಾಗ ನನಗಾದ ಸಂತೋಷಕ್ಕೆ ಪಾರವಿಲ್ಲ. ಕರಡಿನಲ್ಲಿ ಯಾರಿಗೂ ಕಾಣದ ತಪ್ಪು ಕಂಡವನ ಸಂತೋಷ ಅದು. ಮನೆಗೆ ಬಂದು ಐಡಾಳನ್ನು ಕೂರಿಸಿಕೊಂಡು ದುಮ್ ದುಮ್ ಸಹಿತ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಅದೆಲ್ಲ ಸರಿ, ಅಣ್ಣ ಯಾಕೆ ಎರಡು ವಾರದಿಂದ ಊಟಕ್ಕೆ ಬರ್ಲಿಲ್ಲ?" ಎಂದಳು.

ನಾವು ಮನೆಯಲ್ಲಿ ಆಡುವುದು ಕೊಂಕಣಿ, ಇಲ್ಲಿ ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಆದರೆ ಅವಳ ಧ್ವನಿಯಲ್ಲಿದ್ದ ಅಳುಕನ್ನು ತರಲು ನನ್ನಿಂದಾಗುವುದಿಲ್ಲ.

ಉತ್ತರ ಮರುದಿನ ಬಂತು. ಅಚ್ಚುಕೂಟದಲ್ಲಿದ್ದಾಗ ಭಾವನ ಫೋನು. ಮಣಿಪಾಲವಾದ್ದರಿಂದ ನನ್ನದು ಸರಿಯಾಗಿಯೇ ರಿಂಗಾಯಿತು. ಮೊದಲು ಕಾಪುವಿನ ಗಾಳಿಯ ವಿಷಯ ಹೇಳಿದರು. ಆಮೇಲೆ, "ನಿಮ್ಮತ್ರ ಒಂದು ಕೇಳ್ಬೇಕು ಮಾರಾಯ್ರೇ. ಐಡಾಳಿಗೆ ನನ್ನ ಮೇಲೆ ಬೇಜಾರು ಎಂತಾದ್ರೂ ಉಂಟಾ?" ಎಂದರು.

"ಛೆ ಛೆ, ಎಂತ ಬೇಜಾರು? ಯಾಕೆ ಭಾವ?"

"ಯಾವಾಗ ಫೋನ್ ಮಾಡಿದ್ರೂ ಸ್ವಿಚ್ ಆಫ್ ಅಂತ ಹೇಳ್ತದೆ. ಕಾರ್ಕಳದಲ್ಲಿ ನೋಡಿದೆ ಅಲ್ವಾ, ಫೋನಿಗೆ ಎಂತ ಆಗ್ಲಿಲ್ಲ. ಫಸ್ಟ್ ಕ್ಲಾಸ್ ಉಂಟು ಅಂತ ನೀವೂ ಹೇಳ್ತೀರಿ. ಅಂದ್ರೆ ಅವಳೇ ಆಫ್ ಮಾಡಿ ಇಡುದು. ಇರ್ಲಿ ಬಿಡಿ. ಅಲ್ಲಿಂದ ಮಾಡುವಾಗ ಒಂದು ರಿಂಗಿಗೆ ತೆಗೀತಿದ್ಳು. ದೂರ ಇದ್ದವನ ಬೆಲೆಯೇ ಬೇರೆ, ಇಲ್ಲೇ ಬಂದು ಕೂತವನದ್ದೇ ಬೇರೆ."

ಫೋನು ಕಿವಿಗಿಟ್ಟುಕೊಂಡೇ ನಾನು ಎದ್ದು ನಿಂತೆ. ಅವರು ಮುಂದುವರಿಸಿದರು. ಅಲ್ಲಿಯ ಹಳೆಯ ಗೆಳೆಯನೊಬ್ಬ ಹೊಸ ಉಗ್ರಾಣ ನೋಡಿಕೊಳ್ಳಲು ಕರೆಯುತ್ತಿದ್ದಾನಂತೆ. ವಯಸ್ಸು ಅಡ್ಡಿಯಿಲ್ಲವಂತೆ. ಈ ತಿಂಗಳೊಳಗೆ ಹೂಂ ಎನ್ನಬೇಕಂತೆ. "ಹೋಗುದೇ ಒಳ್ಳೇದು ಅಂತ ಕಾಣ್ತದೆ. ಅಲ್ಲಿಂದಾದ್ರೆ ಮಾತಾಡ್ಲಿಕ್ಕಾದ್ರೂ ಆಗ್ತದೆ" ಎಂದರು.

ಫೋನಿನ ಆ ಹೆಂಗಸು ಹೇಳುವುದು, ನೀವು ಕರೆ ಮಾಡಿದವರು ಸ್ವಿಚ್ ಆಫ್ ಮಾಡಿದ್ದಾರೆ ಅಥವಾ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು. ನೊಂದ ಮನುಷ್ಯ ಆ 'ಅಥವಾ'ದ ಆಚೆಗೆ ಕೇಳಿಸಿಕೊಳ್ಳುವುದಿಲ್ಲ. ಭಾವನ ಕಡೆ ನೋಡಿದರೆ ಅವರದು ನ್ಯಾಯ. ನಾನು ಭಾನುವಾರ ಭಾನುವಾರ ಹೇಳಿದ ಫಸ್ಟ್ ಕ್ಲಾಸು ನನ್ನ ಹೆಂಡತಿಯನ್ನು ಕಲ್ಲೆದೆಯವಳನ್ನಾಗಿ ಮಾಡಿತ್ತು. ಅವಳೋ, ಅಣ್ಣನಿಗೆ ಫೋನು ಮಾಡಲು ದಿನವೂ ಹೂ ಕಟ್ಟಿ ಮುಗಿಸಿ ಏರು ಹತ್ತಿ ಬಸ್‌ಸ್ಟಾಪಿಗೆ ಹೋಗುತ್ತಿದ್ದಳು. ಅಲ್ಲಿ ಬಸ್ಸು ಕಾಯುವ ಪರಿಚಯದವರೆಲ್ಲ ಸುತ್ತ ನಿಂತಿರುವಾಗ ಎರಡು ಮಾತಾಡಿ ಇಳಿದು ಬರುತ್ತಿದ್ದಳು. ಭಾವನಿಗೆ ಅದೂ ಶಾಸ್ತ್ರಕ್ಕೆ ಮಾಡಿದ ಹಾಗೆ ಕೇಳಿಸಿರಬೇಕು. ಆ ಕ್ಷಣ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಷ್ಟು ವರ್ಷಕ್ಕೆ ಊರು ಸೇರಿದ ಮನುಷ್ಯ ಒಂದು ಬ್ಯಾಂಡಿನ ದೆಸೆಯಿಂದ ಮತ್ತೆ ವಿಮಾನ ಹತ್ತುವುದೆಂದರೆ! ಆದರೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳುವ ಧೈರ್ಯ ಬರಲಿಲ್ಲ. ರೋಗ ಹೇಳುವಾಗ ಮದ್ದೂ ಕೈಯಲ್ಲಿರಲಿ ಎನಿಸಿತು. "ಈ ಭಾನುವಾರ ಒಮ್ಮೆ ಊಟಕ್ಕೆ ಬನ್ನಿ ಭಾವ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ" ಎಂದೆ.

ಸಂಜೆ ಮಣಿಪಾಲದಲ್ಲೇ ಒಂದು ಫೋನಿನ ಅಂಗಡಿಗೆ ಹೋದೆ. ನಮ್ಮಲ್ಲಿ ಮದುವೆಗೆ ಮುಂಚೆ ಇಗರ್ಜಿಯಲ್ಲಿ ಚೀಟಿ ಓದುವ ಕ್ರಮವಿದೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿ ಏನಾದರೂ ಗೊತ್ತಿದ್ದವರು ಈಗಲೇ ತಿಳಿಸಬೇಕು ಎಂದು ಪಾದ್ರಿಯವರು ಭಾನುವಾರದ ಪೂಜೆಯಲ್ಲಿ ಎಲ್ಲರೆದುರು ಓದುತ್ತಾರೆ. ಫೋನು ಕೊಳ್ಳುವಾಗಲೂ ಹೀಗೊಂದು ಕ್ರಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಇಂಥ ಕಂಪೆನಿಯ ಕಪ್ಪು ಬಣ್ಣದ ಈ ಫೋನಿಗೂ ಶಂಕರಪುರದ ತಗ್ಗಿನ ಟವರಿಗೂ ಸಂಬಂಧ ಕುದುರಿದೆ, ಅಡ್ಡಿ ಗೊತ್ತಿದ್ದವರು ಹೇಳಿ ಎಂದು ಕೇಳಿದ್ದರೆ, ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಐದು ಇಲ್ಲ ಎನ್ನುತ್ತಿದ್ದರು. ಅಂಗಡಿಯಲ್ಲಿ ಅಂಥ ಪ್ರಶ್ನೆ ಕೇಳುವವರೇ ಇಲ್ಲ. ಬಂದವರೆಲ್ಲ ಹುಡುಗಿ ನೋಡಲು ಹೋದವರ ಹಾಗೆ ಬಣ್ಣ ನೋಡುತ್ತಾರೆ, ಹಿಡಿದು ತೂಕ ನೋಡುತ್ತಾರೆ, ತಮ್ಮದೇ ಮುಖದ ಫೋಟೋ ತೆಗೆದು ನೋಡುತ್ತಾರೆ. ಮಾತಾಡಲು ಆಗುತ್ತದೋ ಎಂದು ನೋಡುವುದಿಲ್ಲ.

ನಾನು ಪೆಟ್ಟಿಗೆ ಕೊಡಿ ಎಂದೆ. ಅಂಗಡಿಯಾತ ಫೋನು ಕೊಟ್ಟ. ಫೋನು ಬೇಡ, ಪೆಟ್ಟಿಗೆ ಎಂದೆ. ಅವನು ಪೆಟ್ಟಿಗೆ ಕೊಟ್ಟು, ಸ್ವಲ್ಪ ದೂರ ಸರಿದು ನಿಂತ. ಕನ್ನಡಕ ಹಣೆಗೆ ಏರಿಸಿ ಹಿಂಬದಿಯ ಅಕ್ಷರಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದೆ. ಅಲ್ಲಿ ಒಂದು ಕಾಗುಣಿತದ ತಪ್ಪೂ ಸಿಕ್ಕಿತು, ಅದನ್ನು ಅವನಿಗೆ ತೋರಿಸಿ ಹೇಳಿದೆ. ಅವನು, "ಅದು ನಮ್ಮದಲ್ಲ ಸರ್, ಕಂಪೆನಿಯದ್ದು" ಎಂದ. ಆಮೇಲೆ ಮಾದರಿಯ ಸಂಖ್ಯೆಯನ್ನು ಕಂಪೆನಿಯ ಪುಟದಲ್ಲಿ ಹುಡುಕಿ ಸಾಲಾಗಿ ನೋಡಿದೆ. ಒಂದು, ಮೂರು, ಐದು. ಅಲ್ಲಿಗೇ ನಿಂತು ಒಮ್ಮೆ ಉಸಿರು ಬಿಟ್ಟೆ. ಭಾವ ತಂದದ್ದೇ ಹೆಸರು, ಅದೇ ಕಪ್ಪು ಬಣ್ಣ, ಮನೆ ಮಾತ್ರ ಬೇರೆ. ಇದು ನಮ್ಮ ಊರಿನ ಜಾನ್.

ಅದೇ ಮುಖದ್ದನ್ನು ಯಾಕೆ ಆರಿಸಿದೆ ಎಂದರೆ, ಭಾವನಿಗೆ ಹೇ‍ಳದೆಯೇ ಬದಲಾಯಿಸಿಬಿಡುವ ಒಂದು ಕಳ್ಳಬುದ್ಧಿ ಆಗಲೂ ನನ್ನ ತಲೆಯ ಮೂಲೆಯಲ್ಲಿತ್ತು. ಅಷ್ಟು ದೊಡ್ಡ ತಲೆಯಲ್ಲಿ ಮೂಲೆಗಳೂ ಹೆಚ್ಚು. ಐಡಾ ಒಪ್ಪಲಿಲ್ಲ. "ನೀವು ಹೇಳದಿದ್ರೆ ನಾನು ಹೇಳ್ತೇನೆ. ನಾಲ್ಕು ಮನುಷ್ಯರ ಎದುರು ನನ್ನ ಅಣ್ಣನತ್ರ ಮಾತಾಡಿ ಮಾತಾಡಿ ನನಗೆ ಸಾಕಾಗಿದೆ" ಎಂದಳು. ಸಿಮ್ಮು ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಎರಡು ಕಡ್ಡಿ ಬಂತು. ಎರಡೇ, ಆದರೆ ಅಲ್ಲಾಡದೆ ನಿಂತವು. ನನಗೆ ಅಷ್ಟು ಹೆಮ್ಮೆ ನಮ್ಮ ಮದುವೆಯ ದಿನವೂ ಆಗಿರಲಿಲ್ಲ.

ಭಾನುವಾರ ಭಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಏನೂ ಇಲ್ಲ. ಆ ಬರಿಗೈ ಅವರಿಗೆ ಭಾರವಾಗಿತ್ತು ಎಂದು ಕಾಣುತ್ತದೆ, ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲೊಮ್ಮೆ ಮಡಿಲಲ್ಲೊಮ್ಮೆ ಇಡುತ್ತಿದ್ದರು. ಫೋನ್ ಹೇಗುಂಟು ಎಂದೂ ಕೇಳಲಿಲ್ಲ. ನಾನೇ ಶುರು ಮಾಡಿದೆ. "ಭಾವ, ನೀವು ತಂದ ಫೋನು ಒಳ್ಳೆ ಫೋನು. ಆದರೆ ಅದು ನಮ್ಮ ಈ ತಗ್ಗಿನಲ್ಲಿ ಹಿಡಿಯುದಿಲ್ಲ. ಬೇರೆ ದೇಶಕ್ಕೆ ಮಾಡಿದ್ದು. ಇವಳು ಆಫ್ ಮಾಡಿದ್ದಲ್ಲ, ಅದಕ್ಕೆ ಇಲ್ಲಿ ರೇಂಜೇ ಇಲ್ಲ. ನಿಮಗೆ ಬೇಸರ ಆಗ್ತದೆ ಅಂತ ನಾನು ಹೇಳ್ಲಿಲ್ಲ." ಇಷ್ಟು ಹೇಳಿ, ಈ ಅವಕಾಶ ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ ಎಂದು ಐದನೆಯ ಬ್ಯಾಂಡಿನ ವಿಷಯಕ್ಕೂ ಕೈ ಹಾಕಿದೆ.

ಭಾವ ಅಂಗೈ ಎತ್ತಿ ನನ್ನನ್ನು ತಡೆದರು. ಅವರಿಗೆ ಬ್ಯಾಂಡು ಬೇಕಾಗಿರಲಿಲ್ಲ. "ಅಂದ್ರೆ ಅವಳು ಆಫ್ ಮಾಡಿದ್ದಲ್ಲ?" ಎಂದರು.

"ಅಲ್ಲ."

"ಒಮ್ಮೆಯೂ?"

"ಒಮ್ಮೆಯೂ ಅಲ್ಲ ಭಾವ."

ಉಡುಗೊರೆ ಹಾಳಾಯಿತೆಂದು ಅವರ ಮುಖ ಬಾಡಬಹುದೆಂದು ನಾನು ಕಾದಿದ್ದೆ. ಬಾಡಬೇಕಾದ ಮುಖ ಅರಳಿತು. ಇಷ್ಟು ದಿನ ಉಡುಗೊರೆಯ ಮಾನ ಕಾಪಾಡಲು ನಾನು ಪಟ್ಟ ಪಾಡೆಲ್ಲ ವ್ಯರ್ಥ ಎಂದು ಆಗ ಗೊತ್ತಾಯಿತು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಮಾನವಲ್ಲ, ತಂಗಿ. ಐಡಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈಗ ಇಬ್ಬರೂ ಏನಾದರೂ ಮಾತಾಡುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದು ಕೂತೆ. ಭಾವ, "ಮಳೆ ಬರ್ಬಹುದು" ಎಂದರು. ಐಡಾ, "ಊಟಕ್ಕೆ ಹಾಕ್ತೇನೆ" ಎಂದಳು.

ಕುಚ್ಚಲಕ್ಕಿ ಅನ್ನ, ಅಂಜಲ್ ಮೀನಿನ ಗಸಿ, ಹುರಿದ ಕಾಣೆ ಮೀನು. ಅವಳು ಬಡಿಸಿದಳು, ಅವರು ಉಂಡರು. ಮೂರನೆಯ ಸಲವೂ ಬೇಡ ಎನ್ನಲಿಲ್ಲ. ಗಲ್ಫಿನ ಗೆಳೆಯನಿಗೆ ಏನು ಹೇಳುತ್ತೀರಿ ಎಂದು ಕೇಳಲು ನನಗೆ ಬಾಯಿಗೆ ಬಂದಿತ್ತು, ಮೀನಿನ ಮುಳ್ಳಿನ ಜತೆ ಅದನ್ನೂ ಬದಿಗೆ ಸರಿಸಿದೆ. ಊಟ ಮುಗಿದು ಕೈ ತೊಳೆದು ಭಾವ ಹೊರಗಿನ ಜಗಲಿಯಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಐಡಾ ಒಳಗೆ ಪಾತ್ರೆ ತೊಳೆಯತೊಡಗಿದಳು. ನಾನು ನಡುಕೋಣೆಯಲ್ಲಿ ಪೇಪರು ಹಿಡಿದು ತಪ್ಪು ಹುಡುಕುತ್ತಿದ್ದೆ.

ಅಡುಗೆಮನೆಯ ಕಿಟಕಿಯಲ್ಲಿ ಫೋನು ರಿಂಗಾಯಿತು. ನಮ್ಮ ಮನೆಯೊಳಗೆ ಆ ಸದ್ದು ಕೇಳದೆ ಎಷ್ಟೋ ಕಾಲವಾಗಿತ್ತು. ಐಡಾ ಕೈ ಒರೆಸಿಕೊಂಡು ಪರದೆ ನೋಡಿದಳು. ಆಮೇಲೆ ಕತ್ತು ಬಗ್ಗಿಸಿ, ನಡುಕೋಣೆಯ ಮೂಲಕ ಜಗಲಿಯ ಕಡೆ ನೋಡಿದಳು. ಭಾವ ನಮಗೆ ಬೆನ್ನು ಹಾಕಿ, ಮಲ್ಲಿಗೆ ಗಿಡಗಳ ಕಡೆ ಮುಖ ಮಾಡಿ, ಕಿವಿಗೆ ಫೋನು ಇಟ್ಟುಕೊಂಡು ಕೂತಿದ್ದರು. ನಾನು ನಗಬಾರದೆಂದು ಪೇಪರನ್ನು ಮುಖದ ಮೇಲಕ್ಕೆ ತಂದೆ.

ಐಡಾ ಫೋನೆತ್ತಿ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. "ಹಲೋ ಅಣ್ಣಾ," ಎಂದಳು, "ಊಟ ಆಯ್ತಾ?"

"ಆಯ್ತು ಆಯ್ತು," ಎಂದು ಜಗಲಿಯಿಂದ ದೊಡ್ಡ ಸ್ವರ ಬಂತು. "ಎಂಥ ಊಟ ಗೊತ್ತುಂಟಾ ಇವತ್ತು! ಆ ಗಸಿ ಉಂಟಲ್ಲ, ಅಮ್ಮ ಮಾಡಿದ ಹಾಗೇ ಇತ್ತು. ಅಲ್ಲಿ ಇಷ್ಟು ವರ್ಷದಲ್ಲಿ ಅಂಥದ್ದು ಒಮ್ಮೆಯೂ ಸಿಗ್ಲಿಲ್ಲ. ಆ ಗೆಳೆಯನಿಗೆ ಇಲ್ಲ ಅಂತ ಹೇಳ್ತೇನೆ. ಬರುವ ಭಾನುವಾರ ಎಂತ ಮಾಡ್ತೀ?"